ನಲ್ಲಿಗೆ ಹೆಸರು ಕೊಟ್ಟವಳು

ನಮ್ಮ ಊರಿನಲ್ಲಿ ಯಾರಾದರೂ ಎದುರಾದರೆ ಮೊದಲು ಮುಖ ನೋಡುವುದಿಲ್ಲ, ಕಾಲ ಬಳಿ ನೋಡುತ್ತಾರೆ. ಪಂಚೆಯ ಅಂಚೋ ಸೀರೆಯ ಅಂಚೋ ಒಣಗಿದ್ದರೆ ಆಮೇಲೆ ಮುಖ ನೋಡಿ ಊಟ ಆಯಿತೇ ಎಂದು ಕೇಳುತ್ತಾರೆ. ಒದ್ದೆಯಾಗಿದ್ದರೆ ಆ ಮಾತನ್ನು ಅಲ್ಲೇ ನುಂಗಿಕೊಂಡು ರಸ್ತೆಯ ಆ ಬದಿಗೆ ಹೋಗುತ್ತಾರೆ. ಯಾರ ಹೆಸರಿನಲ್ಲಿ ನಲ್ಲಿ ಇದೆಯೋ ಅವರ ಬಟ್ಟೆಯ ಅಂಚಿಗೆ, ಆ ನಲ್ಲಿಯಿಂದ ದಂಡವಾಗಿ ಹರಿದ ನೀರೆಲ್ಲ ಬಂದು ಸೇರುತ್ತದೆ. ಕುಡಿದದ್ದು, ಮಿಂದದ್ದು, ಬೇಯಿಸಿದ್ದು ಬರುವುದಿಲ್ಲ. ಸುಮ್ಮನೆ ಹೋದದ್ದು ಮಾತ್ರ ಬರುತ್ತದೆ. ಎಂದಿನಿಂದ ಹೀಗೆ ಎಂದು ನನಗೆ ಗೊತ್ತಿಲ್ಲ, ನಮ್ಮ ಅಜ್ಜಿಗೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಅಕ್ಕಿ ತೊಳೆದ ನೀರನ್ನು ಎಮ್ಮೆಗೆ ಇಡುವುದು, ಕೈತೊಳೆದ ನೀರನ್ನು ಬಸಳೆ ಬುಡಕ್ಕೆ ಚೆಲ್ಲುವುದು, ಅಷ್ಟೇ. ಅವಳ ಸೀರೆಯ ಅಂಚು ಸಾಯುವ ದಿನದವರೆಗೂ ಹಪ್ಪಳದಂತೆ ಒಣಗಿತ್ತು.

ಮನೆಗಳವರಿಗೆ ಇದೇನೂ ಕಷ್ಟವಲ್ಲ. ಕಷ್ಟ ಬಂದದ್ದು ದೊಡ್ಡ ದೊಡ್ಡ ಕಟ್ಟಡ ಎದ್ದ ಮೇಲೆ. ಕೆಳಗೆ ಹೋಟೆಲು, ಮೇಲೆ ಅಂಗಡಿ, ಅದರ ಮೇಲೆ ಆಫೀಸು ಎಂದು ಕಟ್ಟಿಸಿದ ಯಜಮಾನರು, ತಾವು ಮನೆಯಲ್ಲಿ ಕೂತಿದ್ದರೂ ಮೊಣಕಾಲುದ್ದ ನೆನೆಯತೊಡಗಿದರು. ಯಾರೋ ನಲ್ಲಿ ತೆರೆದಿಟ್ಟು ಹೋದರೆ ಇವರ ಪಂಚೆ ತೊಟ್ಟಿಕ್ಕುತ್ತಿತ್ತು. ವರ್ತಕರ ಸಂಘದ ಸಭೆಯಲ್ಲಿ ಒಬ್ಬೊಬ್ಬರ ಕುರ್ಚಿಯ ಕೆಳಗೂ ಒಂದೊಂದು ಕೊಚ್ಚೆ. ಬುದ್ಧಿವಂತರು ಅಲ್ಲವೇ, ಬೇಗ ಒಂದು ದಾರಿ ಹುಡುಕಿಕೊಂಡರು. ಕಟ್ಟಡ ತಮ್ಮ ಹೆಸರಿಗೆ, ಬಾಡಿಗೆ ತಮ್ಮ ಹೆಸರಿಗೆ, ನಲ್ಲಿ ಮಾತ್ರ ಯಾರೋ ಬಡವರ ಹೆಸರಿಗೆ. ಅಂಥವರನ್ನು ನಮ್ಮ ಕಡೆ ಹೆಸರಿನವರು ಎನ್ನುತ್ತಾರೆ. ಬಸ್ ಸ್ಟ್ಯಾಂಡಿನ ಎದುರಿಗಿದ್ದ ಪರಶಿವಯ್ಯ ಸಾಹುಕಾರರ ಕಾಂಪ್ಲೆಕ್ಸಿಗೆ ನಾನು ಹೆಸರಿನವಳು.

ನನ್ನ ಗಂಡ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಅವನು ಹೋದಾಗ ಮಗಳು ಇಂದ್ರಾಣಿ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಸಾಹುಕಾರರು ಕರೆಸಿ, "ಹೊಂಬಾಳಮ್ಮ, ಕೆಲಸ ಏನೂ ಇಲ್ಲ ಕಣಮ್ಮ, ಬರೀ ಹೆಸರು ಕೊಡು. ತಿಂಗಳು ತಿಂಗಳು ದುಡ್ಡು ಮನೆಗೇ ತಲುಪುತ್ತೆ," ಎಂದರು. ಹೆಸರು ತಾನೇ, ಕೊಟ್ಟರೆ ಸವೆಯುತ್ತದೆಯೇ ಎಂದುಕೊಂಡು ಕೊಟ್ಟೆ. ನೀರಿನ ಆಫೀಸಿನ ಪುಸ್ತಕದಲ್ಲಿ ಹೆಸರು ಏರಿದ ಮಾರನೆಯ ಬೆಳಿಗ್ಗೆ ಒಲೆಯ ಮುಂದೆ ಕೂತಿದ್ದವಳು ಏಳುವಾಗ ಸೀರೆ ಭಾರವಾಗಿತ್ತು.

ಸೀರೆ ಬದಲಾಯಿಸಿದರೆ ಹೋಗುವುದಲ್ಲ ಅದು. ಉಟ್ಟ ಐದು ನಿಮಿಷಕ್ಕೆ ಹೊಸದೂ ನೆನೆಯುತ್ತದೆ. ಎತ್ತಿ ಸಿಕ್ಕಿಸಿಕೊಂಡರೆ ಸೊಂಟಕ್ಕೇ ಬರುತ್ತದೆ. ನಡೆದರೆ ಚಪ್ಪಲಿ ಕಿಚಕಿಚ ಎನ್ನುತ್ತದೆ, ನೆಲದ ಮೇಲೆ ಬಚ್ಚಲಿನಿಂದ ಎದ್ದು ಬಂದವರ ಹಾಗೆ ಹೆಜ್ಜೆ ಮೂಡುತ್ತದೆ. ರೇಷನ್ ಅಂಗಡಿಯಲ್ಲಿ ನಾನಾಗಿಯೇ ಸಾಲಿನ ಕೊನೆಗೆ ನಿಲ್ಲುವುದನ್ನು ಕಲಿತೆ. ಮದುವೆ ಮನೆಗಳಲ್ಲಿ ಕೈತೊಳೆಯುವ ಜಾಗದ ಪಕ್ಕದ ಎಲೆಗೆ ಕೂರುತ್ತಿದ್ದೆ, ಅಲ್ಲಿ ಎಲ್ಲರ ಕಾಲೂ ಒದ್ದೆಯಾಗಿರುತ್ತದೆ. ಈ ನೀರು ಕಾಂಪ್ಲೆಕ್ಸಿನದು, ನನ್ನದಲ್ಲ ಎಂದು ಊರಿಗೆಲ್ಲ ಗೊತ್ತು. ಆದರೆ ಗೊತ್ತಿರುವುದು ತಲೆಗೆ, ನೋಡುವುದು ಕಣ್ಣು. ಕಣ್ಣಿಗೆ ಕಾಣುವುದು ಒದ್ದೆ ಹೆಂಗಸು. ಬರಬರುತ್ತಾ ನನ್ನ ತಲೆಗೂ ಹಾಗೇ ಕಾಣತೊಡಗಿತು.

ಇಂದ್ರಾಣಿಗೆ ಸಂಬಂಧ ತಾನಾಗಿ ಬಂತು. ಅಂಚೆ ಆಫೀಸಿನ ಹಿಂದಿನ ಬೀದಿಯಲ್ಲಿ ಲಾಡ್ಜ್ ಇಟ್ಟುಕೊಂಡಿದ್ದ ಸರ್ವಮಂಗಳಮ್ಮನವರು ತಾವೇ ಹುಡುಗಿ ಕೇಳಿಕೊಂಡು ಬಂದರು. ವರದಕ್ಷಿಣೆ ಬೇಡ, ಚಿನ್ನ ಬೇಡ, ಹುಡುಗಿ ಒಬ್ಬಳು ಸಾಕು ಎಂದರು. ಹುಡುಗ ಯೋಗೀಶ ಮೆದು ಮನುಷ್ಯ, ತಾಯಿ ಹೇಳಿದ ಮೇಲೆ ಉಗುಳು ನುಂಗುವವನು. ಒದ್ದೆ ಅಂಚಿನವಳ ಮಗಳಿಗೆ ಇದಕ್ಕಿಂತ ಏನು ಸಿಗಬೇಕು. ನಾನು ದೇವರಿಗೆ ದೀಪ ಹಚ್ಚಿ ಧಾರೆ ಎರೆದೆ. ಮದುವೆ ಕಳೆದ ಮೇಲೆ ಬೀಗಿತ್ತಿ ಒಂದೇ ಒಂದು ಮಾತು ಹೇಳಿದರು. "ತಪ್ಪು ತಿಳ್ಕೋಬೇಡಿ. ನಮ್ಮ ಹೊಸಿಲಿಗೆ ಒದ್ದೆ ಅಂಚು ಸೋಕಬಾರದು, ನಮ್ಮತ್ತೆ ಕಾಲದಿಂದ ನಡ್ಕೊಂಡು ಬಂದಿದೆ."

ನಾನು ತಪ್ಪು ತಿಳಿಯಲಿಲ್ಲ. ಹೋದಾಗಲೆಲ್ಲ ರಸ್ತೆಯ ಮೇಲೆ ನಿಂತು ಕಿಟಕಿಯಲ್ಲಿ ಮಗಳನ್ನು ಮಾತಾಡಿಸಿಕೊಂಡು ಬರುತ್ತಿದ್ದೆ. ಅವಳು ಕಿಟಕಿಯ ಸರಳು ಹಿಡಿದು ನಗುತ್ತಾ ನಿಲ್ಲುವಳು. ಹೊರಗೆ ಬಾರೇ ಎಂದರೆ, "ಬೇಡಮ್ಮ, ಅತ್ತೆ ಬೈತಾರೆ," ಎನ್ನುವಳು. ನನ್ನ ಒದ್ದೆ ಅವಳಿಗೆ ಸೋಕದಿರಲಿ ಎಂದು ನಾನೇ ಎರಡು ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದೆ.

ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದನ್ನು ಬೇಡ ಎನ್ನುವವರು ಯಾರೂ ಇಲ್ಲ. ಏಳು ತುಂಬುತ್ತಿದ್ದ ಹಾಗೆ ಹೂವು ಹಣ್ಣು ಹಿಡಿದು ಕರೆಯಲು ಹೋದೆ. ಬೀಗಿತ್ತಿ ಹೊಸಿಲ ಒಳಗೆ ನಿಂತರು, ನಾನು ಹೊರಗೆ.

"ಕಳಿಸಲ್ಲ ಅಂತ ಅಲ್ಲ," ಎಂದರು. "ಹುಟ್ಟೋ ಕೂಸನ್ನ ಮೊದಲು ಎತ್ಕೊಳೋದು ನೀವು. ನಿಮ್ಮ ಮಡಿಲೇ ತೊಟ್ಟಿಕ್ತಿದ್ರೆ ಆ ಕೂಸಿನ ಗತಿ ಏನು? ಅಂಚು ಒಣಗಿಸ್ಕೊಂಡು ಬನ್ನಿ, ಅವತ್ತೇ ಕಳಿಸ್ತೀನಿ."

ನಾನು ನಿಂತಿದ್ದ ಮೆಟ್ಟಿಲಿನಿಂದ ನೀರು ಕೆಳಗಿನ ಮೆಟ್ಟಿಲಿಗೆ ಇಳಿಯುತ್ತಿತ್ತು. ಹಣ್ಣಿನ ಬುಟ್ಟಿಯನ್ನು ಹೊಸಿಲ ಆಚೆಯಿಂದಲೇ ಒಳಗೆ ತಳ್ಳಿ ಬಂದೆ. ಕಿಟಕಿಯಲ್ಲಿ ಆ ದಿನ ಇಂದ್ರಾಣಿ ಇರಲಿಲ್ಲ.

ಸೀದಾ ಸಾಹುಕಾರರ ಮನೆಗೆ ಹೋದೆ. ಕಾಂಪ್ಲೆಕ್ಸಿನಲ್ಲಿ ಎಲ್ಲೆಲ್ಲಿ ನೀರು ದಂಡವಾಗುತ್ತದೋ ಅಲ್ಲಿ ಸ್ವಲ್ಪ ರಿಪೇರಿ ಮಾಡಿಸಿಕೊಡಿ ಎಂದೆ. ಅವರು ಒಣಗಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಪೇಪರ್ ಓದುತ್ತಿದ್ದರು. "ಅಲ್ಲ ಹೊಂಬಾಳಮ್ಮ, ಒದ್ದೆ ನಿನ್ನದು, ರಿಪೇರಿ ನನ್ನದಾ? ನೀರು ಕಮ್ಮಿ ಬಿದ್ರೆ ಟ್ಯಾಂಕರ್ ತರಿಸ್ತಾರೆ, ದುಡ್ಡು ಅಂಗಡಿಯೋರು ಹಂಚ್ಕೋತಾರೆ. ನನಗೇನು ಕಷ್ಟ ಆಗಿದೆ ಹೇಳು," ಎಂದರು. ಕೆಟ್ಟ ಮಾತೇನಲ್ಲ, ಇದ್ದದ್ದನ್ನೇ ಹೇಳಿದರು. ಅಷ್ಟು ವರ್ಷದಲ್ಲಿ ನಾನು ಆ ಕಟ್ಟಡದ ಒಳಗೆ ಒಂದು ದಿನವೂ ಕಾಲಿಟ್ಟಿರಲಿಲ್ಲ ಎಂಬುದು ಆಗ ನೆನಪಾಯಿತು. ನನ್ನ ಮೇಲೆ ಬಂದು ಬೀಳುವ ನೀರು ಎಲ್ಲಿಂದ ಹೊರಡುತ್ತದೆ ಎಂದು ನೋಡುವ ಆಸೆಯೇ ನನಗೆ ಬಂದಿರಲಿಲ್ಲ.

ಮಾರನೆಯ ಬೆಳಿಗ್ಗೆಯೇ ಹೋದೆ. ಆತುರಗಾರ್ತಿ ನಾನು. ವಾಚ್‌ಮನ್ ದೊಡ್ಡೀರಯ್ಯನನ್ನು ಕೇಳಿ, ಹಿಂಭಾಗದಲ್ಲಿ ಇಡೀ ಕಟ್ಟಡಕ್ಕೆ ನೀರು ಬಿಡುವ ವಾಲ್ವ್ ಎಲ್ಲಿದೆ ಎಂದು ನೋಡಿಕೊಂಡೆ. ಅವನು ಬೀಡಿ ತರಲು ಹೋದಾಗ ಎರಡೂ ಕೈಯಲ್ಲಿ ಹಿಡಿದು ತಿರುಗಿಸಿಬಿಟ್ಟೆ. ಆಮೇಲೆ ಎದುರಿನ ಬೇವಿನ ಮರದ ಕಟ್ಟೆಯ ಮೇಲೆ ಕೂತೆ. ಟ್ಯಾಂಕಿನಿಂದ ಹನಿ ಇಳಿಯುವುದು ನಿಂತು, ಬಿಸಿಲು ಏರುವ ಹೊತ್ತಿಗೆ ನನ್ನ ಅಂಚು ಒಣಗತೊಡಗಿತು. ಮುಟ್ಟಿ ನೋಡಿಕೊಂಡೆ. ಗಾಳಿಗೆ ಹಾರಿತು. ಸೀರೆ ಹಗುರ ಎಂಬುದೇ ಮರೆತುಹೋಗಿತ್ತು. ಅಲ್ಲಿಂದಲೇ ಬೀಗಿತ್ತಿಯ ಮನೆಗೆ ಓಡಲೇ ಎಂದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಹೋಟೆಲಿನೊಳಗೆ ಗಲಾಟೆ ಎದ್ದಿತು. ಊಟದ ಹೊತ್ತು. ಎಲೆ ಮುಂದಿನಿಂದ ಎದ್ದವರೆಲ್ಲ ಬೇಸಿನ್ನಿನ ಮುಂದೆ ಸಾಲು ನಿಂತಿದ್ದರು, ಬಲಗೈ ಮುಂದಕ್ಕೆ ಚಾಚಿಕೊಂಡು, ಬೆರಳಿಂದ ಮಜ್ಜಿಗೆ ಸುರಿಸುತ್ತಾ. ಮೇಲಿನ ಮಹಡಿಯ ಹಲ್ಲಿನ ಡಾಕ್ಟರ ಬಳಿಯಿಂದ ಒಬ್ಬ ಮುದುಕರು ಬಾಯಿ ತುಂಬ ಏನನ್ನೋ ಇಟ್ಟುಕೊಂಡು, ಉಗಿಯಲೂ ಆಗದೆ ನುಂಗಲೂ ಆಗದೆ ಮೆಟ್ಟಿಲಿಳಿದು ಬಂದರು. ಹೋಟೆಲಿನ ಉಪಾಧ್ಯರು ಹೊರಗೆ ಬಂದು ನೋಡಿದರೆ ಕಟ್ಟೆಯ ಮೇಲೆ ನಾನು, ಒಣ ಸೀರೆಯಲ್ಲಿ.

"ಓ, ಇದು ನಿಮ್ಮ ಕಾರ್ಬಾರಾ," ಎಂದರು ಅವರು. ಕರಾವಳಿಯ ಕಡೆಯಿಂದ ಬಂದು ಎಷ್ಟೋ ವರ್ಷವಾದರೂ ಅವರ ಮಾತು ಅಲ್ಲಿನದೇ. "ಎಂತ ಮಾರಾಯ್ತಿ, ನಿಮ್ಮ ಅಂಚು ಒಣಗಲಿಕ್ಕೆ ನನ್ನ ಗಿರಾಕಿಗಳೆಲ್ಲ ಕೈ ನೆಕ್ಕಿಕೊಂಡು ಹೋಗಬೇಕಾ?"

ಜನ ನಕ್ಕರು. ನಾನು ತಲೆ ತಗ್ಗಿಸಿಕೊಂಡು ಹೋಗಿ ವಾಲ್ವ್ ತಿರುಗಿಸಿದೆ. ಬಂದು ಆ ಮುದುಕರ ಕಾಲಿಗೆ ಬಿದ್ದೆ. ನೀರು ಉಳಿಸುವುದು ಎಂದರೆ ನೀರು ನಿಲ್ಲಿಸುವುದು ಎಂದುಕೊಂಡಿದ್ದೆನಲ್ಲ, ಅಷ್ಟು ದಡ್ಡತನಕ್ಕೆ ನನಗೇ ನಾಚಿಕೆಯಾಯಿತು. ಉಪಾಧ್ಯರು ಬೈದವರೇ ಒಂದು ಲೋಟ ಕಾಫಿಯನ್ನೂ ಕಳಿಸಿದರು. ಕುಡಿದು ಲೋಟ ಕೊಡಲು ಒಳಗೆ ಹೋದಾಗ ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದರು. ಮಗಳ ವಿಷಯ ಹೇಳಿದೆ. ಅವರು ಗಲ್ಲಾಕ್ಕೆ ಬೀಗ ಹಾಕಿ ಎದ್ದರು.

"ನನ್ನ ಅಡಿಗೆಮನೆ ನೋಡಿ," ಎಂದರು. "ನಾನೂ ಸರಿಯಾಗಿ ನೋಡದೆ ಎಷ್ಟು ಕಾಲ ಆಯಿತೋ."

ಒಳಗೆ ಪಾತ್ರೆ ತೊಳೆಯುವ ಕಡೆ ನಲ್ಲಿ ತೆರೆದೇ ಇತ್ತು. ತೊಳೆಯುವವರು ಒಂದು ತಟ್ಟೆ ಉಜ್ಜಿ ಮುಗಿಸುವವರೆಗೂ ಅದು ಸುಮ್ಮನೆ ಸುರಿಯುತ್ತಿತ್ತು. ಅವರನ್ನು ಅನ್ನುವ ಹಾಗಿಲ್ಲ, ಎರಡೂ ಕೈಗೆ ಎಣ್ಣೆ ಜಿಡ್ಡು ಮೆತ್ತಿದವರು ನಲ್ಲಿಯನ್ನು ಎಷ್ಟು ಸಲ ತಿರುಗಿಸಿಯಾರು. ಉಪಾಧ್ಯರೇ ಯೋಚನೆ ಮಾಡಿ ಮೂರು ದೊಡ್ಡ ಟಬ್ ಇಡಿಸಿದರು. ಒಂದರಲ್ಲಿ ಉಜ್ಜುವುದು, ಎರಡನೆಯದರಲ್ಲಿ ಜಾಲಾಡುವುದು, ಮೂರನೆಯದು ಕೊನೆಯ ಮುಳುಗು. ಆ ಕೊನೆಯ ಟಬ್ಬಿನ ನೀರು ಮಾರನೆಯ ದಿನ ನೆಲ ಒರೆಸುವುದಕ್ಕೆ. ಕುಡಿಯುವ ನೀರಿನ ಫಿಲ್ಟರಿನಿಂದ ಹೊರಬೀಳುವ ನೀರು ಮೋರಿಗೆ ಹೋಗುತ್ತಿತ್ತು, ಅದಕ್ಕೊಂದು ಡ್ರಮ್ ಇಟ್ಟರು. ಬೇಸಿನ್ನಿನ ನಲ್ಲಿಗಳಿಗೆ ನೀರು ತೆಳ್ಳಗೆ ಹರಡಿ ಬೀಳುವ ಜಾಲರಿ ಹಾಕಿಸಿದರು. ನನ್ನ ಸೀರೆಗೆ ಸಾರಿನ ವಾಸನೆ ಬರುವುದು ನಿಂತಿತು. ಅಷ್ಟು ವರ್ಷ ಅದು ನನ್ನದೇ ಮೈವಾಸನೆ ಎಂದುಕೊಂಡಿದ್ದೆ.

ಆದರೂ ಬೆಳಿಗ್ಗೆ ಬೆಳಿಗ್ಗೆ ಒಂದು ಸಲ ದಡಕ್ಕನೆ ಮೊಣಕಾಲುದ್ದ ನೆನೆಯುತ್ತಿದ್ದೆ. ಅದು ಯಾವುದೆಂದು ಕಂಡದ್ದು ಟೈಲರ್ ಜಲೀಲ್ ಸಾಬರ ಅಂಗಡಿಯಲ್ಲಿ. ಕಾಂಪ್ಲೆಕ್ಸಿನ ಗೋಡೆಗೆ ಒರಗಿಸಿ ಕಟ್ಟಿದ ತಗಡಿನ ಅಂಗಡಿ ಅದು. ದೊಡ್ಡೀರಯ್ಯ ಮೋಟರ್ ಹಾಕಿ ಹೋದರೆ, ಟ್ಯಾಂಕ್ ತುಂಬಿತೆಂದು ತಿಳಿಯುವುದು ಜಲೀಲ್ ಸಾಬರ ತಗಡಿನ ಮೇಲೆ ನೀರು ಧೋ ಎಂದು ಸುರಿದಾಗ. ಆಗ ಸಾಬರು ಕತ್ತರಿಯಿಂದ ಗೋಡೆಗೆ ಕುಟ್ಟುತ್ತಾರೆ. ಆ ಸದ್ದು ಕೇಳಿ ದೊಡ್ಡೀರಯ್ಯ ಎಲ್ಲಿದ್ದರೂ ಬಂದು ಮೋಟರ್ ಆರಿಸುತ್ತಾನೆ. ಕಟ್ಟಡ ಕಟ್ಟಿದ ದಿನದಿಂದ ಹಾಗೇ ನಡೆದಿತ್ತು. ಅದು ದಂಡ ಎಂದು ಯಾರಿಗೂ ಅನ್ನಿಸಿರಲಿಲ್ಲ. ಅವರ ಲೆಕ್ಕದಲ್ಲಿ ಅದು ಗಂಟೆ.

"ತುಂಬಿದ ತಕ್ಷಣ ತಾನೇ ಆರೋ ಸ್ವಿಚ್ಚು ಬಂದಿದೆಯಂತೆ ಸಾಬರೇ," ಎಂದೆ.

"ಹಾಕ್ಸಿ ಹಾಕ್ಸಿ, ಬ್ಯಾಡ ಅನ್ನಲ್ಲ," ಎಂದರು ಅವರು ಸೂಜಿಗೆ ದಾರ ಪೋಣಿಸುತ್ತಾ. "ಆದ್ರೆ ಅಕ್ಕ, ಆ ನೀರು ಬಿದ್ದ ಮ್ಯಾಲೇ ನಾನು ಟೀ ಕುಡಿಯೋದು. ಇನ್ನ್ಮೇಲೆ ಟೀ ಟೈಮ್ ಆಯ್ತು ಅಂತ ನನಗೆ ಹೇಳೋರು ಯಾರು?"

"ನಿಮ್ಮ ಟೀಗೆ ನಾನು ದಿನಾ ಸ್ನಾನ ಮಾಡಿದ್ದು ಸಾಲದಾ?"

ಅವರು ನನ್ನ ಸೀರೆಯ ಕಡೆ ನೋಡಿ ನಾಲಿಗೆ ಕಚ್ಚಿಕೊಂಡರು. ಸ್ವಿಚ್ಚಿಗೆ ದುಡ್ಡು ಎಲ್ಲಿಂದ ಎಂಬ ಮಾತು ಬಂದಾಗ, ಹೋಟೆಲಿಗೆ ಟಬ್ ಇಟ್ಟ ಮೇಲೆ ವಾರಕ್ಕೊಂದು ಟ್ಯಾಂಕರ್ ಕಡಿಮೆಯಾಗಿದೆ, ಅದರಲ್ಲೇ ಬರುತ್ತದೆ ಎಂದು ಅಂಗಡಿಯವರಿಗೆ ತಿಳಿಸಿ ಒಪ್ಪಿಸಿದವರು ಉಪಾಧ್ಯರು. ಸ್ವಿಚ್ಚು ಬಂತು. ಮೊದಲ ಕೆಲವು ದಿನ ಜಲೀಲ್ ಸಾಬರು ಟೀ ಕುಡಿಯುವುದನ್ನು ಮರೆತು ಮಧ್ಯಾಹ್ನ ತಲೆನೋವು ಎನ್ನುತ್ತಿದ್ದರು. ಆಮೇಲೆ ನಾನೇ ಹೋಗಿ ಗೋಡೆ ತಟ್ಟಿ ಬರುತ್ತಿದ್ದೆ.

ಇಷ್ಟಾದರೂ ಅಂಚು ಪೂರ್ತಿ ಒಣಗಲಿಲ್ಲ. ವಾಸನೆಯಿಲ್ಲದ, ಬಣ್ಣವಿಲ್ಲದ ತಣ್ಣನೆಯ ನೀರು, ಹಗಲೂ ರಾತ್ರಿಯೂ ಒಂದೇ ಸಮನೆ ಬೆವರಿದ ಹಾಗೆ ಬರುತ್ತಿತ್ತು. ಇಂದ್ರಾಣಿಗೆ ಎಂಟು ತಿಂಗಳು ತುಂಬುತ್ತಾ ಬಂದಿತ್ತು. ಪ್ಲಂಬರ್ ಅಂತೋಣಿಯನ್ನು ಕರೆದು ಕೇಳಿದೆ. ಮೇಲಿನ ಮಹಡಿಗಳ ಕಕ್ಕಸಿನ ಫ್ಲಶ್ ಟ್ಯಾಂಕುಗಳು ಒಳಗೊಳಗೇ ಸೋರುತ್ತಿರಬಹುದು, ಕಣ್ಣಿಗೆ ಕಾಣುವುದಿಲ್ಲ, ಟ್ಯಾಂಕಿನೊಳಗೆ ಸ್ವಲ್ಪ ಬಣ್ಣ ಹಾಕಿದರೆ ತಿಳಿಯುತ್ತದೆ ಎಂದ. ಬಣ್ಣ ಎಲ್ಲಿಂದ ತರಲಿ. ಮನೆಯಲ್ಲಿ ಬಿಳಿ ಬಟ್ಟೆಗೆ ಹಾಕುವ ನೀಲಿ ಇತ್ತು. ಅದನ್ನೇ ತಂದು ಒಂದೊಂದು ಟ್ಯಾಂಕಿಗೂ ಒಂದೊಂದು ಚಮಚ ಸುರಿದು, ಮತ್ತೆ ಮೇಲೆ ಹೋಗಿ ನೋಡುವ ಮೊದಲು ಸೌತೆಕಾಯಿ ಕೊಳ್ಳೋಣ ಎಂದು ಸಂತೆಗೆ ಹೋದೆ.

ಸೋರುತ್ತಿತ್ತೋ ಇಲ್ಲವೋ ಎಂದು ಮೇಲೆ ಹೋಗಿ ನೋಡುವ ಅಗತ್ಯವೇ ಬೀಳಲಿಲ್ಲ. ಸಂತೆಯ ನಡುವೆ ನನ್ನ ಸೀರೆಯ ಅಂಚು ನೀಲಿಯಾಯಿತು. ಕೆಳಗಿನಿಂದ ಹತ್ತಿ ಮೊಣಕಾಲಿನವರೆಗೂ ಬಂತು. ನಿಂತ ಕಡೆ ನೀಲಿ ಮಡು, ನಡೆದ ಕಡೆ ನೀಲಿ ಹೆಜ್ಜೆ. ತರಕಾರಿಯವಳು ಹಿಡಿದ ತಕ್ಕಡಿ ಹಾಗೇ ಕೈಯಲ್ಲಿ ಉಳಿಯಿತು. "ಇದ್ಯಾವ ದೇವರವ್ವ ನಿನ್ ಮೈಮ್ಯಾಲೆ ಬಂದಿರಾದು," ಎಂದಳು. ಒಬ್ಬ ಮುದುಕಿ ನಿಜವಾಗಿಯೂ ಕೈಮುಗಿದಳು. ಮಕ್ಕಳು ಹಿಂದೆ ಹಿಂದೆ ಬಂದವು. ಒದ್ದೆಯಾಗಿದ್ದಾಗ ಜನ ಬದಿಗೆ ಸರಿಯುತ್ತಿದ್ದರು, ಈಗ ಕತ್ತು ಉದ್ದ ಮಾಡಿ ನೋಡಿದರು. ನಾನು ಸೌತೆಕಾಯಿ ಬಿಟ್ಟು, ಮುಖದ ಮೇಲೆ ಸೆರಗೆಳೆದುಕೊಂಡು ಕಾಂಪ್ಲೆಕ್ಸಿನವರೆಗೂ ಓಡಿದೆ. ಅಂತೋಣಿ ನನ್ನನ್ನು ನೋಡಿ ನೆಲದ ಮೇಲೆ ಕೂತು ನಕ್ಕ. ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು, ಎದ್ದು ಹೋಗಿ ಎಲ್ಲ ಟ್ಯಾಂಕುಗಳ ಸವೆದ ರಬ್ಬರ್ ಬದಲಾಯಿಸಿದ. ದುಡ್ಡು ಕೊಡಲು ಹೋದರೆ, "ಬೇಡಮ್ಮ, ಇವತ್ತು ನಗಿಸಿದ್ದಕ್ಕೇ ಸರಿಹೋಯ್ತು," ಎಂದ.

ಎರಡು ದಿನಕ್ಕೆ ನೀಲಿ ಬಿಟ್ಟುಹೋಯಿತು. ನಾಲ್ಕನೆಯ ದಿನ ನನ್ನ ಅಂಚು ಒಣಗಿತು, ಒಣಗಿದ್ದು ಒಣಗಿಯೇ ಉಳಿಯಿತು. ವಿಷಯ ತಿಳಿದು ಪರಶಿವಯ್ಯ ಸಾಹುಕಾರರು ಹೇಳಿ ಕಳಿಸಿದರು. ನನ್ನ ಕಾಲ ಬಳಿ ಬಹಳ ಹೊತ್ತು ನೋಡಿದರು. "ಈಗ ಹೆಸರು ನಂದೇ ಇರ್ಲಿ ಬಿಡು. ಅಷ್ಟು ದೊಡ್ಡ ಕಟ್ಟಡ ಇಟ್ಕೊಂಡು ಅಂಚು ಒಣಗಿದೆ ಅಂದ್ರೆ ಸಂಘದಲ್ಲಿ ಅದರ ಮರ್ಯಾದೆಯೇ ಬೇರೆ. ನೀನೂ ಸಾಕಷ್ಟು ವರ್ಷ ಹೊತ್ತೆ," ಎಂದರು. ತಿಂಗಳ ದುಡ್ಡು ಅಲ್ಲಿಗೆ ನಿಂತಿತು. ಅದು ನಿಲ್ಲುತ್ತದೆ ಎಂದು ಗೊತ್ತಿದ್ದೇ ಕೆಲಸಕ್ಕೆ ಇಳಿದಿದ್ದೆ. ಉಪಾಧ್ಯರ ಹೋಟೆಲಿನಲ್ಲಿ ತರಕಾರಿ ಹೆಚ್ಚುವ ಕೆಲಸ ಕೇಳಿಟ್ಟಿದ್ದೆ. ಬೇಜಾರೇನೂ ಆಗಲಿಲ್ಲ.

ಪೆಟ್ಟಿಗೆಯಲ್ಲಿದ್ದ ಮದುವೆಯ ಸೀರೆ ತೆಗೆದು ಉಟ್ಟೆ. ಹೂವು, ಹಣ್ಣು, ಅರಿಶಿನ ಕುಂಕುಮ ಹಿಡಿದು ಹೊರಟೆ. ದಾರಿಯಲ್ಲಿ ಇಬ್ಬರು ಮೂವರು ಊಟ ಆಯಿತೇ ಎಂದು ಕೇಳಿದರು. ಎಲ್ಲರಿಗೂ ಆಯಿತು ಎಂದೆ, ಆಗಿರಲಿಲ್ಲ.

ಬೀಗಿತ್ತಿ ಬಾಗಿಲಿಗೆ ಬಂದರು. ರೂಢಿಯಂತೆ ಕಾಲ ಬಳಿ ನೋಡಿದರು. ಅವರ ಮುಖ ಬೆಳ್ಳಗಾದದ್ದು ಯಾಕೆಂದು ನನಗೆ ಆಗ ಹೊಳೆಯಲಿಲ್ಲ.

"ಒಣಗಿಸ್ಕೊಂಡು ಬಂದಿದೀನಿ," ಎಂದೆ.

"ಬಂದ್ರಾ. ಒಳ್ಳೇದಾಯ್ತು. ಆದ್ರೆ ಇವತ್ತು ದಿನ ಚೆನ್ನಾಗಿಲ್ಲ. ಶುಕ್ರವಾರ ಆಗ್ಲಿ."

"ಇವತ್ತೇ ಶುಕ್ರವಾರ."

"ಹೌದಾ," ಎಂದು ಅವರು ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. ಒಳಗೆ ಯೋಗೀಶ ನಿಂತಿದ್ದ. ನನ್ನನ್ನು ನೋಡಿ ತಲೆ ತಗ್ಗಿಸಿದ. ಆಗ ಅವನ ಕಾಲ ಪಕ್ಕದ ನೆಲ ಕಂಡಿತು. ಕೋಣೆಯ ಬಾಗಿಲಿನಿಂದ ಅಡಿಗೆಮನೆಯವರೆಗೂ ಒದ್ದೆ ಹೆಜ್ಜೆಗಳು ಹೋಗಿದ್ದವು. ಸಣ್ಣ ಕಾಲು, ಹಿಮ್ಮಡಿಯ ಗುರುತು ಆಳ. ಬಸುರಿಯರು ಹಿಮ್ಮಡಿ ಊರಿ ನಡೆಯುತ್ತಾರೆ.

ಬೀಗಿತ್ತಿಯನ್ನು ದಾಟಿ ಹೊಸಿಲು ಮೆಟ್ಟಿ ಒಳಗೆ ಹೋದೆ. ಇಂದ್ರಾಣಿ ಕೋಣೆಯಲ್ಲಿ ಮಣೆಯ ಮೇಲೆ ಕೂತು ಸೀರೆಯ ನೆರಿಗೆಯನ್ನು ಪರಾತದೊಳಕ್ಕೆ ಹಿಂಡುತ್ತಿದ್ದಳು. ಮೊಣಕಾಲಿನ ಮೇಲಕ್ಕೂ ನೆನೆದಿತ್ತು. ಅಂಗಾಲು ನೀರಲ್ಲಿ ನೆನೆಸಿಟ್ಟ ಅವರೆಕಾಳಿನ ಹಾಗೆ ಬಿಳಿಚಿ ಸುಕ್ಕುಗಟ್ಟಿತ್ತು. ನಾನು ಬಂದದ್ದು ಕಂಡು ಥಟ್ಟನೆ ಪರಾತದ ಮೇಲೆ ಸೆರಗು ಮುಚ್ಚಿದಳು, ಅದರಿಂದ ಏನೋ ಮುಚ್ಚಿಹೋಗುತ್ತದೆ ಎಂಬ ಹಾಗೆ.

"ಯಾವಾಗಿನಿಂದ?" ಎಂದೆ.

"ಮದುವೆಯಾದ ತಿಂಗಳಿಂದ."

"ಬಲವಂತ ಮಾಡಿದ್ರಾ?"

"ಇಲ್ಲಮ್ಮ. ಲಾಡ್ಜಿನ ನಲ್ಲಿಗೆ ಹೆಸರು ಕೊಡ್ತೀಯಾ ಅಂತ ಕೇಳಿದ್ರು, ಕೊಟ್ಟೆ." ನನ್ನ ಮುಖ ನೋಡಿ ಅವಳಿಗೆ ಗಾಬರಿಯಾಗಿರಬೇಕು. ಸಮಾಧಾನ ಹೇಳುವವಳ ಹಾಗೆ, "ಅದರಲ್ಲೇನಿದೆ ಅಂದ್ಕೊಂಡೆ. ನೀನು ಹೊತ್ಕೊಂಡು ನನ್ನ ಸಾಕಲಿಲ್ವಾ," ಎಂದಳು.

ಕೋಪ ಬರುತ್ತದೆ ಎಂದು ಕಾದೆ, ಬರಲಿಲ್ಲ. ಚಿನ್ನ ಬೇಡ ಎಂದಿದ್ದು ಯಾಕೆ, ಹೊಸಿಲು ಮೆಟ್ಟಬೇಡಿ ಎಂದಿದ್ದು ಯಾಕೆ, ಎಂದೂ ಒಣಗದ ಅಂಚನ್ನು ಒಣಗಿಸಿಕೊಂಡು ಬನ್ನಿ ಎಂದಿದ್ದು ಯಾಕೆ, ಎಲ್ಲ ಒಂದರ ಹಿಂದೊಂದು ತಿಳಿಯಿತು. ಊರಲ್ಲಿ ಇಷ್ಟು ಹುಡುಗಿಯರಿರುವಾಗ ಅವರು ನನ್ನ ಬಾಗಿಲಿಗೇ ಬಂದದ್ದು ಸುಮ್ಮನೆ ಅಲ್ಲ. ಹೆಸರಿನವಳ ಮಗಳು ಹೆಸರು ಕೊಡಲು ಹಿಂಜರಿಯುವುದಿಲ್ಲ ಎಂದು ಲೆಕ್ಕ ಹಾಕಿ ಬಂದಿದ್ದರು. ಅವರ ಲೆಕ್ಕ ತಪ್ಪಿರಲಿಲ್ಲ. ನಾನೇ ಹಾಗೆ ಬೆಳೆಸಿದ್ದೆ, ಒಂದು ಮಾತೂ ಹೇಳಿಕೊಡದೆ.

ಬೀಗಿತ್ತಿ ಹಿಂದೆ ಬಂದು ನಿಂತರು. ಅವರೇನು ರಾಕ್ಷಸಿಯಲ್ಲ, ಕಣ್ಣು ಅವರದೂ ಕೆಂಪಾಗಿತ್ತು. "ಬಸುರಿ ಆದ ಮೇಲೆ ನಮಗೂ ಹೊಟ್ಟೆ ಉರೀತಿದೆ. ಹೊರಗೆ ಕಳಿಸಿದ್ರೆ ಊರು ನೋಡುತ್ತೆ ಅಂತ ಸುಮ್ನಾದ್ವಿ. ನಾಳೆನೇ ನಮ್ಮ ಮನೆ ಕೆಲಸದ ಕೆಂಚಿ ಹೆಸರಿಗೆ ಬರೆಸ್ತೀನಿ. ಅವಳು ಒಪ್ತಾಳೆ, ಗಂಡ ಇಲ್ಲ, ಸಣ್ಣ ಮಗು ಇದೆ."

ಕೆಂಚಿ ಅಂಗಳದಲ್ಲಿ ಗುಡಿಸುತ್ತಿದ್ದಳು. ನಾನು ಅವಳ ಕಾಲ ಬಳಿ ನೋಡಿದೆ. ಒಣಗಿತ್ತು. ನಿಜ ಹೇಳುತ್ತೇನೆ, ಆಗಲಿ ಎನ್ನುವುದಕ್ಕೆ ನನ್ನ ಬಾಯಿ ತೆರೆದಿತ್ತು. ಮಗಳ ಕಾಲು ಕಣ್ಣೆದುರಿಗಿದ್ದಾಗ ಬೇರೆಯವರ ಕಾಲು ಎಷ್ಟು ದೂರ ಎನ್ನಿಸುತ್ತದೆ.

"ಬೇಡ," ಎಂದೆ. "ಯೋಗೀಶಪ್ಪನ ಹೆಸರಿಗೆ ಬರೆಸಿ."

"ಅವನು ಅಂಗಡಿ ಬೀದೀಲಿ ನಾಲ್ಕು ಜನರ ಎದುರು ತಿರುಗೋ ಗಂಡಸು."

"ಇವಳು ಬಸುರಿ."

ಯೋಗೀಶ ಬಾಗಿಲ ಬಳಿಯಿಂದಲೇ, ಮೊದಲ ಸಲ ತನ್ನ ತಾಯಿಯ ಕಡೆ ನೋಡದೆ, "ನನ್ನ ಹೆಸರಿಗೇ ಆಗಲಿ ಅತ್ತೆ," ಎಂದ. "ಆದ್ರೆ ನೀರಿನ ಆಫೀಸಲ್ಲಿ ತಿಂಗಳಾದ್ರೂ ಹಿಡಿಯುತ್ತೆ." ಆ ತಿಂಗಳಲ್ಲಿ ಹೆರಿಗೆಯೇ ಆಗಿಬಿಡುತ್ತದೆ ಎಂದು ಅವನು ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಆಟೋ ತರುತ್ತೇನೆ ಎಂದ. ನೀನು ಆಫೀಸಿಗೆ ಹೋಗಪ್ಪ, ಇವತ್ತೇ ಅರ್ಜಿ ಕೊಡು ಎಂದೆ. ಇಂದ್ರಾಣಿಯ ಕೈ ಹಿಡಿದು ನಡೆಸಿಕೊಂಡು ಹೊರಟೆ. ಮಧ್ಯಾಹ್ನದ ಬಿಸಿಲು, ಬೀದಿಯ ತುಂಬ ಜನ. ಅವಳು ತಲೆ ಎತ್ತಲಿಲ್ಲ. ಜನ ಮೊದಲು ಅವಳ ಕಾಲ ಬಳಿ ನೋಡಿ ದೂರ ಸರಿದರು. ಆಮೇಲೆ ನನ್ನ ಕಾಲ ಬಳಿ ನೋಡಿ, "ಏನ್ ಹೊಂಬಾಳಮ್ಮ, ಊಟ ಆಯ್ತಾ," ಎಂದರು. ಒಬ್ಬರಂತೂ, ಒದ್ದೆಯವಳು ನಿಮ್ಮ ಜರಿ ಅಂಚಿಗೆ ತಾಗಿಯಾಳು, ಈ ಕಡೆ ಬನ್ನಿ ಎಂದು ದಾರಿ ಬಿಟ್ಟರು. ಅಷ್ಟು ವರ್ಷ ತೊಟ್ಟಿಕ್ಕುತ್ತಾ ನಡೆದಾಗ ಆಗಿದ್ದ ನಾಚಿಕೆಯನ್ನೆಲ್ಲ ಕೂಡಿಸಿದರೂ ಆ ಒಣ ಸೀರೆಯಲ್ಲಿ ಆದ ನಾಚಿಕೆಗೆ ಸಮವಾಗುವುದಿಲ್ಲ.

ಲಾಡ್ಜ್ ದಾರಿಯಲ್ಲೇ ಇತ್ತು. ಅದರ ಮುಂದೆ ಬರುತ್ತಿದ್ದ ಹಾಗೆ ಇಂದ್ರಾಣಿಯ ಸೀರೆಯ ಒದ್ದೆ ಒಂದು ಗೇಣು ಮೇಲೇರಿತು. ಅವಳು "ಅಮ್ಮ" ಎಂದು ನನ್ನ ತೋಳು ಹಿಡಿದುಕೊಂಡಳು. ಮೇಲೆ ಯಾವುದೋ ಕೋಣೆಯಲ್ಲಿ ಯಾರೋ ನಲ್ಲಿ ತೆರೆದಿದ್ದರು. ಬಾಗಿಲ ಬಳಿಯ ಬೆಂಚಿನ ಮೇಲೆ ಅವಳನ್ನು ಕೂರಿಸಿದೆ.

"ಇಲ್ಯಾಕಮ್ಮ, ಜನ ನೋಡ್ತಾರೆ. ಬೇಗ ಮನೆಗೆ ಹೋಗೋಣ."

"ಮನೆಗೆ ಹೋದ್ರೆ ನೀರು ನಿಲ್ಲುತ್ತೇನೆ? ಕೂತಿರು, ಬಂದೆ."

ಗಲ್ಲಾದಲ್ಲಿ ಕೂತಿದ್ದ ಗುಮಾಸ್ತರು ನೀವ್ಯಾರಮ್ಮ ಎಂದು ಕೇಳುತ್ತಲೇ ಇದ್ದರು. ಜರಿ ಸೀರೆಯನ್ನು ಮೇಲಕ್ಕೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದೆ. ಮೊದಲ ಮಹಡಿಯಲ್ಲೇ ಒಂದು ಬಾಗಿಲಿನ ಹಿಂದೆ ನೀರು ಸುರಿಯುವ ಸದ್ದು ಕೇಳಿಸಿತು. ತಟ್ಟಿದೆ. ಬನಿಯನ್ ಹಾಕಿಕೊಂಡ, ಬೇರೆ ಊರಿನವರಂತೆ ಕಾಣುತ್ತಿದ್ದ ಒಬ್ಬರು ಗಡ್ಡಕ್ಕೆ ಸೋಪು ಹಚ್ಚಿಕೊಂಡು, ಕೈಯಲ್ಲಿ ಬ್ರಷ್ ಹಿಡಿದೇ ಬಾಗಿಲು ತೆರೆದು ಏನು ಎಂಬಂತೆ ನೋಡಿದರು.

"ನಲ್ಲಿ ನಿಲ್ಲಿಸಪ್ಪ," ಎಂದೆ. "ಕೆಳಗೆ ನನ್ನ ಮಗಳು ಕೂತಿದ್ದಾಳೆ."